ಆಟೀನು ಅಂದರೆ ಇಸ್ಪೀಟು

ಬ್ರಿಡ್ಜ್ ಆಡುತ್ತೇನೆ ಅಂದರೆ ನಮ್ಮ ಹೊಸಪೇಟೆಯಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. "ಯಾವ ಬ್ರಿಡ್ಜ್ ರೀ, ಕಂಪ್ಲೀದಾ?" ಅನ್ನುವುದು ಒಂದು. ಅಲ್ಲಪ್ಪಾ, ಎಲೆ ಆಟ ಅಂತ ತಿಳಿಸಿದರೆ, "ಎಷ್ಟು ಕಟ್ಟಿ ಆಡ್ತೀರಿ?" ಅನ್ನುವುದು ಇನ್ನೊಂದು. ಒಂದು ಪೈಸೆಯನ್ನೂ ಕಟ್ಟುವುದಿಲ್ಲ ಸ್ವಾಮಿ ಅಂದರೆ ನಂಬುವುದಿಲ್ಲ, ಕಣ್ಣು ಹೊಡೆಯುತ್ತಾರೆ. ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಟೈರ್ ಅಂಗಡಿ. ಅದಿರಿನ ಲಾರಿ ಡ್ರೈವರುಗಳ ಜೊತೆ ದಿನಾ ಬಾಯಿ ಮಾಡಿ ಮಾಡಿ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ ನಾನು. ಇಂಥವರಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಹೆಸರು ಲಿಂಗರಾಜ್. ಆದರೆ ಹೇಳಲು ಹೊರಟಿದ್ದು ನನ್ನ ಕಥೆಯಲ್ಲ, ಉಚ್ಚಂಗೆಮ್ಮನವರದು.

ಉಚ್ಚಂಗೆಮ್ಮ ಕಂಪ್ಲಿಯವರು. ತಾಯಿ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಟಿ.ಬಿ. ಡ್ಯಾಂನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಹಿಡಿದವರು ರಿಟೈರ್ ಆಗುವ ತನಕ ಅದೇ ಕುರ್ಚಿಯಲ್ಲಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಯಾವ ಗೇಟು ಎಷ್ಟು ಎತ್ತಬೇಕು ಅನ್ನುವ ಆರ್ಡರ್ ಆಫೀಸಿನಿಂದ ಆಕೆಯ ಕಿವಿಗೆ ಬರುತ್ತಿತ್ತು, ಆಕೆಯ ಬಾಯಿಂದ ಗೇಟಿನ ಮೇಲಿದ್ದವರಿಗೆ ಹೋಗುತ್ತಿತ್ತು. ಅಲ್ಲೊಂದು ಪದ್ಧತಿ ಇತ್ತು. ಆರ್ಡರ್ ಕೇಳಿಸಿಕೊಂಡವರು ಅದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಬೇಕು, ಕೊನೆಗೆ "ಮುಟ್ಟಿತು" ಅನ್ನಬೇಕು. ಆ ಮಾತು ಬರುವ ತನಕ ಉಚ್ಚಂಗೆಮ್ಮ ಫೋನ್ ಇಡುತ್ತಿರಲಿಲ್ಲ. ಆ ಕಡೆಯಿಂದ "ಮುಟ್ಟಿತು" ಅನ್ನುತ್ತಿದ್ದವರು ಗೇಟ್ ಸೆಕ್ಷನ್ನಿನ ಇಂಜಿನಿಯರ್ ಮರಿಸ್ವಾಮಿ. ವರ್ಷಗಟ್ಟಲೆ ಇಬ್ಬರೂ ಒಬ್ಬರ ದನಿ ಒಬ್ಬರು ಕೇಳಿದ್ದರೇ ಹೊರತು ಎದುರುಬದುರು ಕೂತವರಲ್ಲ.

ಡ್ಯಾಂ ಕ್ವಾರ್ಟರ್ಸಿನ ಹಳೇ ಹಾಲ್‌ನಲ್ಲಿ ಪ್ರತಿ ಗುರುವಾರ ಸಂಜೆ ಬ್ರಿಡ್ಜ್ ನಡೆಯುತ್ತದೆ, ಆಗಲೂ ನಡೆಯುತ್ತಿತ್ತು. ಉಚ್ಚಂಗೆಮ್ಮ ಡ್ಯೂಟಿ ಮುಗಿಸಿ ಹೋಗುವಾಗ ಬಾಗಿಲ ಹತ್ತಿರ ನಿಂತು ನೋಡುವರು. ನೋಡಿ ನೋಡಿಯೇ ಆಟ ಕಲಿತರು. ಒಂದು ಗುರುವಾರ ಯಾರೋ ಒಬ್ಬರು ಬರಲಿಲ್ಲ, ಒಂದು ಟೇಬಲ್ಲಿಗೆ ಕೈ ಕಮ್ಮಿ ಬಿತ್ತು. ಬಾಗಿಲಲ್ಲಿ ನಿಂತಿದ್ದ ಈಕೆ, "ನಾ ಕುಂದ್ರಲೇನ್ರಿ?" ಅಂದುಬಿಟ್ಟರು. ಕೆಲವರಿಗೆ ಆಕೆ ಹೆಂಗಸು ಅನ್ನುವುದು ಅಡ್ಡಿ, ಕೆಲವರಿಗೆ ಆಕೆ ಹುಟ್ಟಿದ ಕೇರಿ ಅಡ್ಡಿ, ಬಾಯಿಬಿಟ್ಟು ಹೇಳುವ ಗಂಡಸುತನ ಒಬ್ಬರಿಗೂ ಇಲ್ಲ. ಮರಿಸ್ವಾಮಿ ಎದ್ದು ತಮ್ಮ ಎದುರಿನ ಕುರ್ಚಿ ಎಳೆದರು. "ಬರ್ರಿ ಉಚ್ಚಂಗೆಮ್ಮ, ಕುಂದ್ರಿ. ನಿಮ್ಮಷ್ಟು ನೆಟ್ಟಗ ಮೆಸೇಜ್ ಕೊಡೋರು ಇಲ್ಲಿ ಯಾರದಾರ?" ಅಂದರು. ಅವತ್ತಿನಿಂದ ಇವರಿಬ್ಬರೂ ಜೋಡಿ. "ಆ ಕುರ್ಚಿ ಎಳದ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ ಲಿಂಗರಾಜ್" ಅಂತ ಆಕೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಬ್ರಿಡ್ಜಿನಲ್ಲಿ ಎದುರುಬದುರು ಕೂತವರು ಒಂದು ಜೋಡಿ. ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಆಟಕ್ಕೆ ಮುಂಚೆ ಹರಾಜಿನ ಹಾಗೆ ಸರದಿ ಪ್ರಕಾರ ಕೂಗುತ್ತಾರೆ: ಒಂದು ಕಳಾವರ್, ಎರಡು ಆಟೀನು, ಪಾಸ್, ಹೀಗೆ. ಅಂಕಿ ಏರಿದಷ್ಟೂ ಗೆಲ್ಲಬೇಕಾದ ಸುತ್ತು ಹೆಚ್ಚು, ಕೂಗಿದ ಜಾತಿಯ ಎಲೆಯೇ ತುರುಪು. ಇದೇ ಬಿಡ್ಡಿಂಗ್. ಕೈಯಲ್ಲಿ ಏನಿದೆ ಅಂತ ಜೋಡಿಗೆ ತಿಳಿಸಲು ಇಷ್ಟೇ ಮಾತು. ಕೆಮ್ಮುವ ಹಾಗಿಲ್ಲ, ಹುಬ್ಬು ಹಾರಿಸುವ ಹಾಗಿಲ್ಲ. ಯಾವ ಕೂಗಿಗೆ ಏನರ್ಥ ಅಂತ ಜೋಡಿಯವರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಆದರೆ ಆ ಒಪ್ಪಂದ ಗುಟ್ಟಲ್ಲ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರಲ್ಲ, ಇದು ಅದರ ಪಕ್ಕಾ ಉಲ್ಟಾ. ಕೂಗಿನ ಅರ್ಥ ಬೇರೆ ಇದ್ದರೆ ಜೋಡಿಯವರು "ಅಲರ್ಟ್" ಅಂತ ಎಚ್ಚರಿಸಬೇಕು. ಎದುರಾಳಿ ಕೇಳಿದರೆ ತನಗೆ ಗೊತ್ತಿದ್ದಷ್ಟನ್ನೂ ಬಿಚ್ಚಿ ಹೇಳಬೇಕು. ಮುಚ್ಚಿಟ್ಟರೆ ಅದು ಮೋಸ.

ಈ ಕಥೆಗೆ ಬೇಕಾದ ಒಪ್ಪಂದ ಒಂದೇ. ನಾನು ಒಳ್ಳೆ ಕೈ ಹಿಡಿದು, ತುರುಪು ಬೇಡ ಅನ್ನುವ ಅರ್ಥದಲ್ಲಿ "ಒಂದು ನೋಟ್ರಂಪ್" ಅಂದೆ ಅಂತ ಇಟ್ಟುಕೊಳ್ಳಿ. ನನ್ನ ಜೋಡಿಯ ಹತ್ತಿರ ಐದು ಇಸ್ಪೀಟು ಇದ್ದರೆ ಆತ ಇಸ್ಪೀಟು ಅನ್ನುವುದಿಲ್ಲ, ಅದರ ಕೆಳಗಿನ ಜಾತಿ ಹಿಡಿದು "ಎರಡು ಆಟೀನು" ಅನ್ನುತ್ತಾನೆ. ಆಗ ನಾನು "ಎರಡು ಇಸ್ಪೀಟು" ಅನ್ನಬೇಕು. ಆಟೀನು ಅಂದರೆ ಇಸ್ಪೀಟು. ಹೀಗೆ ಮಾಡಿದರೆ ಒಳ್ಳೆ ಕೈ ಇದ್ದವರೇ ಆಡುತ್ತಾರೆ, ಟೇಬಲ್ ಮೇಲೆ ಬಿಚ್ಚಿಡುವುದು ಅವರ ಜೋಡಿಯ ಎಲೆ, ಅವರ ಎಲೆ ಎದುರಾಳಿಗೆ ಕಾಣದೆ ಉಳಿಯುತ್ತದೆ. ಇದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ಇದನ್ನು ನಮ್ಮ ಕ್ಲಬ್ಬಿಗೆ ತಂದವರೇ ಮರಿಸ್ವಾಮಿ. "ಕೈಯಾಗಿರೋದನ್ನ ಹೇಳೋದು ಬಿಟ್ಟು ಇದೇನ್ರಿ ತಿರುಗಾಮುರುಗಾ?" ಅಂತ ನಾನೇ ಕೂಗಾಡಿದ್ದೆ. ಸಮಾಧಾನದಿಂದ ಕೂಡಿಸಿ ಕಲಿಸಿದರು.

ಉಚ್ಚಂಗೆಮ್ಮನವರ ಬಿಡ್ಡಿಂಗಿನ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂತ ಎಣಿಸಲು ಯಾರಿಗಾದರೂ ಬರುತ್ತದೆ. ಎಣಿಸಿದ್ದನ್ನು ಎಷ್ಟು ನಂಬಬೇಕು ಅನ್ನುವುದು ಬೇರೆ. "ಒಬ್ಬಂಟಿ ರಾಜ ರಾಜ ಅಲ್ಲ, ಅಂವ ಗಡಿಪಾರಾದಾಂವ" ಅನ್ನುವರು. ನಾನು ಹುಮ್ಮಸ್ಸಿನಲ್ಲಿ ಐದಕ್ಕೆ, ಆರಕ್ಕೆ ಏರಿಸಿ ಮುಳುಗಿದಾಗೆಲ್ಲ, "ನಿಮ್ಮ ಸಿಟ್ಟು ಏರಿದಂಗ ನಿಮ್ಮ ಬಿಡ್ಡೂ ಏರ್ತೈತಿ ನೋಡ್ರಿ" ಅಂತ ಕಾಲೆಳೆಯುವರು. ತಾವು ಮಾತ್ರ ಇದ್ದದ್ದಕ್ಕಿಂತ ಒಂದೂ ಹೆಚ್ಚು ಹೇಳರು, ಒಂದೂ ಕಮ್ಮಿ ಹೇಳರು. ಮರಿಸ್ವಾಮಿಯವರೂ ಹಾಗೇ. ಪ್ರತಿ ಆಟ ಮುಗಿದ ಮೇಲೆ ಯಾರು ಏನು ಕೂಗಿದರು ಅಂತ ಮೊದಲಿಂದ ಕೊನೆತನಕ ತಿರುಗಿ ಹೇಳಿ, ಎಲೆ ಜೋಡಿಸಿಟ್ಟು, "ಮುಟ್ಟಿತು" ಅನ್ನುವುದು ಅವರ ರೂಢಿ. ಗೇಟಿನ ಮೇಲಿನ ಚಾಳಿ, ರಿಟೈರ್ ಆದರೂ ಬಿಡಲಿಲ್ಲ.

ಹೋದ ವರ್ಷ ಶುರುವಾಯಿತು. ಮೊದಲು, ತಿರುಗಿ ಹೇಳುವಾಗ ಮರಿಸ್ವಾಮಿ ನಡುವೆ ನಿಲ್ಲತೊಡಗಿದರು. ಆಮೇಲೆ "ಮುಟ್ಟಿತು" ಅನ್ನುವುದೇ ನಿಂತಿತು. ಆಮೇಲೆ ಒಂದು ದಿನ ಉಚ್ಚಂಗೆಮ್ಮನವರ ನೋಟ್ರಂಪಿಗೆ "ಎರಡು ಆಟೀನು" ಅಂದವರು ಕೈ ಬಿಚ್ಚಿದರೆ ಅಲ್ಲಿದ್ದದ್ದು ಆಟೀನೇ. ತಾವೇ ತಂದ ಟ್ರಾನ್ಸ್‌ಫರ್ ತಾವೇ ಮರೆತಿದ್ದರು. ಅವತ್ತು ಎಲ್ಲರೂ ನಕ್ಕೆವು, ಅವರೂ ನಕ್ಕರು. ತಿಂಗಳೊಳಗೆ ಮತ್ತೆ ಆಯಿತು. ಒಂದು ಗುರುವಾರ ಸರಿ, ಇನ್ನೊಂದು ಗುರುವಾರ ತಪ್ಪು. ನಗು ನಿಂತಿತು.

ಉಚ್ಚಂಗೆಮ್ಮ ಉಪಾಯ ಮಾಡಿದರು. "ಸರ್, ಟ್ರಾನ್ಸ್‌ಫರ್ ಬಿಟ್ಟುಬಿಡೋಣ್ರಿ, ಹಳೇ ಪದ್ಧತಿನೇ ಚಂದ ಇತ್ತು" ಅಂದರು. ಮರಿಸ್ವಾಮಿ ಮುಖ ಕೆಂಪಗೆ ಮಾಡಿಕೊಂಡು, "ನಾ ತಂದಿದ್ದನ್ನ ನಾನ ಬಿಡ್ಲಾ? ನಾನೇನು ಬಾಲವಾಡಿ ಹುಡುಗನೇನ್ರಿ?" ಅಂದರಂತೆ. ಅದೇ ವಾರ ಅವರ ಹೆಂಡತಿ ಸುಧಾರಾಣಿ ತರಕಾರಿ ಮಾರ್ಕೆಟ್ಟಿನಲ್ಲಿ ಉಚ್ಚಂಗೆಮ್ಮನವರ ಕೈ ಹಿಡಿದುಕೊಂಡರು. "ಗುರುವಾರ ಬಂತಂದ್ರ ತಾವ ಗಡ್ಡ ಮಾಡ್ಕೊಂತಾರ, ತಾವ ಇಸ್ತ್ರಿ ಅಂಗಿ ಹುಡುಕ್ಕೊಂತಾರ. ಉಳದ ದಿನ ಜಳಕಕ್ಕ ಏಳ್ರಿ ಅಂತ ನಾ ಹೇಳಬೇಕು. ಆ ಆಟ ಒಂದು ಬಿಡಿಸಬ್ಯಾಡ್ರವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ದಸರಾ ಕಳೆದ ಮೇಲೆ ನಮ್ಮ ಕ್ಲಬ್ಬಿನ ಜೋಡಿ ಪಂದ್ಯ ಇರುತ್ತದೆ. ಸಂಡೂರಿನಿಂದ, ಬಳ್ಳಾರಿಯಿಂದ ಜನ ಬರುತ್ತಾರೆ. ನಿಯಮದ ಪುಸ್ತಕ ಪೂರ್ತಿ ಓದಿದ ಮೂರ್ಖ ನಾನೊಬ್ಬನೇ, ಹಾಗಾಗಿ ತೀರ್ಪು ಹೇಳುವ ಕೆಲಸ, ಅಂದರೆ ಡೈರೆಕ್ಟರ್ ಕೆಲಸ, ನನ್ನದು. ಆ ಸಲ ಮಧ್ಯಾಹ್ನ ಊಟದ ಮುಂಚಿನ ಆಟದಲ್ಲಿ ಮೂಲೆ ಟೇಬಲ್ಲಿನಿಂದ, "ಡೈರೆಕ್ಟರ್!" ಅಂತ ಕೂಗು ಬಂತು. ಕೂಗಿದವನು ಸಂಡೂರಿನ ಹಾಲೇಶ್. ಮೈನಿಂಗ್ ಕಂಪನಿಯಲ್ಲಿ ಸರ್ವೇಯರ್, ವಯಸ್ಸಿನಲ್ಲಿ ಸಣ್ಣವನು, ಆಟದಲ್ಲಿ ಚೂಪು.

ನಡೆದದ್ದು ಇಷ್ಟು. ಉಚ್ಚಂಗೆಮ್ಮ ಒಂದು ನೋಟ್ರಂಪ್ ಅಂದಿದ್ದರು, ಮರಿಸ್ವಾಮಿ ಎರಡು ಆಟೀನು ಅಂದರು. ಉಚ್ಚಂಗೆಮ್ಮ "ಅಲರ್ಟ್" ಅಂದರು. ಹಾಲೇಶ್ ಅರ್ಥ ಕೇಳಿದ. "ಐದು ಇಸ್ಪೀಟು" ಅಂದರು. ಹಾಲೇಶನ ಕೈಯಲ್ಲೇ ರಾಜ, ಗುಲಾಮ ಸೇರಿ ಐದು ಇಸ್ಪೀಟು ಇದ್ದವು. ಬಲಗಡೆ ಕೂತವರ ಹತ್ತಿರವೂ ಐದು ಇವೆ ಅಂದಮೇಲೆ ನಾನೇಕೆ ಬಾಯಿ ಬಿಡಲಿ ಅಂತ ಆತ ಪಾಸ್ ಮಾಡಿದ. ಒಪ್ಪಂದದ ಪ್ರಕಾರ ಉಚ್ಚಂಗೆಮ್ಮ ಎರಡು ಇಸ್ಪೀಟು ಅನ್ನಬೇಕಿತ್ತು. ಆಕೆ ಪಾಸ್ ಅಂದರು. ಆಟೀನಲ್ಲೇ ಆಟ ನಿಂತಿತು. ಮರಿಸ್ವಾಮಿಯವರ ಕೈಯಲ್ಲಿ ಆರು ಆಟೀನು, ಒಂದೇ ಇಸ್ಪೀಟು. ಆರಾಮಾಗಿ ಗೆದ್ದರು.

"ನನಗ ಇಸ್ಪೀಟು ಅಂತ ಹೇಳಿ ಬಾಯಿ ಮುಚ್ಚಿಸಿದ್ರು, ತಾವು ಆಟೀನು ಅಂತ ತಿಳ್ಕೊಂಡು ಕುಂತ್ರು. ಇದು ಹೆಂಗ್ರಿ ಸರ್?" ಅಂದ ಹಾಲೇಶ್. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ನಾನು ಉಚ್ಚಂಗೆಮ್ಮನವರನ್ನು ನೋಡಿದೆ. "ಯಾಕ್ರೀ ಅಕ್ಕಾ ಪಾಸ್ ಅಂದ್ರಿ?" ಆಕೆ ಎದುರು ಕೂತ ಮರಿಸ್ವಾಮಿಯವರನ್ನು ಒಮ್ಮೆ ನೋಡಿ ತಲೆ ಬಗ್ಗಿಸಿದರು. ನಾನು ಆ ಆಟದ ಅಂಕ ತಿದ್ದಿದೆ. ಒಪ್ಪಂದದಂತೆ ಎರಡು ಇಸ್ಪೀಟು ಅಂದಿದ್ದರೆ ಎಷ್ಟು ಸೋಲುತ್ತಿದ್ದರೋ ಅಷ್ಟು ಸೋಲು ಅವರ ಲೆಕ್ಕಕ್ಕೆ ಹಾಕಿದೆ. ಮರಿಸ್ವಾಮಿ, "ಏನಾತು ಲಿಂಗರಾಜ್?" ಅಂತ ಕೇಳಿದರು. "ಏನಿಲ್ಲ ಸರ್, ಅಂಕ ಬರಿಯಾಗ ತಪ್ಪಾಗಿತ್ತು" ಅಂತ ಏನೋ ಒಂದು ಹೇಳಿದೆ.

ಊಟಕ್ಕೆ ಬಿಟ್ಟಾಗ ಉಚ್ಚಂಗೆಮ್ಮನವರನ್ನು ಬೇವಿನ ಮರದ ಕೆಳಗೆ ಕರೆದೊಯ್ದೆ. ಅಲ್ಲಿ ಆಕೆ ಎಲ್ಲ ಹೇಳಿದರು. ಮರಿಸ್ವಾಮಿ ಮತ್ತೆ ಮರೆತಿರಬೇಕು ಅನ್ನಿಸಿ, ಅದು ಬಯಲಾಗದಿರಲಿ ಅಂತ ಪಾಸ್ ಅಂದಿದ್ದರಂತೆ. ಕೇಳಿದಂತೆಲ್ಲ ನನ್ನ ಪಿತ್ತ ನೆತ್ತಿಗೇರಿತು.

"ಅಕ್ಕಾ, ಇಷ್ಟು ವರ್ಷ ನಿಮ್ಮ ಬಾಯಾಗ ಒಂದು ಸುಳ್ಳು ಬಂದಿದ್ದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಂಗಿಲ್ಲ, ಗೊತ್ತೈತಿಲ್ಲ?"

"ನನ್ನ ಮಾನ ಹೋದ್ರ ಹೋಗ್ಲಿ ಬಿಡ್ರಿ. ಅವರ ಕುರ್ಚಿ ಹೋಗಬಾರ್ದು."

"ಕುರ್ಚಿ ಉಳೀಬೇಕಂದ್ರ ಒಂದೇ ದಾರಿ. ಕೇಳಿದವರಿಗೆ ಪೂರಾ ಹೇಳ್ರಿ. ಒಪ್ಪಂದ ಹಿಂಗೈತಿ, ಆದ್ರ ಇವರು ಒಮ್ಮೊಮ್ಮೆ ಮರೀತಾರ ಅಂತ. ಹೇಳಿದ್ರ ಅದು ಮೋಸ ಅಲ್ಲ."

"ಅವರ ಮುಂದನಾ?"

"ಆಟಕ್ಕ ಮುಂಚೆ ಎದುರಿನವರನ್ನ ಆಚೆ ಕರೆದು ಹೇಳ್ರಿ, ಹಂಗಾರ."

ಆಕೆಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಮೂವತ್ತು ವರ್ಷ ಎದುರು ಕುಂತ ಮನಿಷ್ಯಾನ ಬೆನ್ನ ಹಿಂದ ಊರ ಮಂದಿಗೆಲ್ಲ ಅವರ ತಲಿ ಸರಿ ಇಲ್ಲ ಅಂತ ಹೇಳ್ಕೊಂತ ತಿರುಗ್ಲೇನು? ಏನಂತ ತಿಳ್ಕೊಂಡೀರಿ ನನ್ನ?"

"ಹಂಗಾದ್ರ ಮುಂದಿನ ಗುರುವಾರದಿಂದ ನಿಮ್ಮಿಬ್ಬರ ಜೋಡಿ ಕೂಡಿಸಾಕ ನನ್ನಿಂದ ಆಗಂಗಿಲ್ಲ" ಅಂದೆ. ಅಂದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ನಿಯಮ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಉಚ್ಚಂಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಊಟ ಮಾಡಲಿಲ್ಲ.

ಆ ಗುರುವಾರ ಅವರಿಬ್ಬರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. ಮರಿಸ್ವಾಮಿ ನುಣ್ಣಗೆ ಗಡ್ಡ ಮಾಡಿಕೊಂಡು, ಬಿಳೀ ಅಂಗಿಯಲ್ಲಿ, ತಮ್ಮ ಎಂದಿನ ಕುರ್ಚಿಯಲ್ಲಿ ಕೂತರು. ಉಚ್ಚಂಗೆಮ್ಮ ನನ್ನ ಹತ್ತಿರ ಬಂದು, "ಕೂಡಿಸ್ರಿ. ಕೇಳಿದ್ರ ಹೇಳ್ತೀನಿ" ಅಂದರು. ಮುಖ ಸಪ್ಪಗಿತ್ತು. ಅವತ್ತು ಹಾಲೇಶನೂ ಆಡಲು ಬಂದಿದ್ದ, ಅವನ ಜೋಡಿ ಸಂಡೂರಿನಿಂದ ಬಂದಿರಲಿಲ್ಲ, ನಾನೇ ಹಾಲೇಶನ ಎದುರು ಕೂತೆ. ನಾವು ನಾಲ್ವರು ಒಂದೇ ಟೇಬಲ್ಲು.

ಮೂರು ಆಟ ಸುಮ್ಮನೆ ಕಳೆದವು. ಪ್ರತಿ ಸಲ ಎಲೆ ಹಂಚುವಾಗ, ದೇವರೇ ಈಕೆಗೆ ನೋಟ್ರಂಪ್ ಕೈ ಬರದಿರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಜಾತ್ರೆಗೆ ಹೋದಾಗಲೂ ಕೈ ಮುಗಿಯದ ಮನುಷ್ಯ ನಾನು. ನಾಲ್ಕನೇ ಆಟಕ್ಕೆ ಬಂದೇ ಬಿಟ್ಟಿತು.

"ಒಂದು ನೋಟ್ರಂಪ್" ಅಂದರು ಉಚ್ಚಂಗೆಮ್ಮ.

ನಾನು ಪಾಸ್ ಅಂದೆ.

ಮರಿಸ್ವಾಮಿ ಎಲೆಗಳನ್ನು ಒಂದು ಸಲ ಜೋಡಿಸಿಕೊಂಡರು, ಇನ್ನೊಂದು ಸಲ ಜೋಡಿಸಿಕೊಂಡರು. "ಎರಡು ಆಟೀನು."

"ಅಲರ್ಟ್" ಅಂದರು ಉಚ್ಚಂಗೆಮ್ಮ.

ಸರದಿ ಹಾಲೇಶನದು. ಅವನು ನನ್ನ ಮುಖ ನೋಡಿದ. ಕೇಳಬೇಡವೋ ಮಾರಾಯಾ ಅಂತ ಅನ್ನಿಸಿತು, ಆದರೆ ಹಾಗೆ ಸನ್ನೆ ಮಾಡುವ ಹಾಗಿಲ್ಲ. ಕೇಳುವುದು ಅವನ ಹಕ್ಕು. "ಹಂಗಂದ್ರ ಏನ್ರಿ ಅಮ್ಮಾ?" ಅಂತ ಮೆತ್ತಗೆ ಕೇಳಿದ.

ಉಚ್ಚಂಗೆಮ್ಮ ಬಾಯಿ ತೆರೆದವರು ಮರಿಸ್ವಾಮಿಯವರ ಮುಖ ನೋಡಿ ನಿಲ್ಲಿಸಿದರು.

ಆಗ ಮರಿಸ್ವಾಮಿ ತಮ್ಮ ಎಲೆಗಳನ್ನು ಮಗುಚಿ ಟೇಬಲ್ ಮೇಲಿಟ್ಟರು. ಎರಡೂ ಕೈ ಊರಿ ಎದ್ದರು. ಒಬ್ಬರು ವಿವರಿಸುವಾಗ ಅದು ಜೋಡಿಯವರ ಕಿವಿಗೆ ಬೀಳಬಾರದು ಅನ್ನುವ ಸಂದರ್ಭ ಬಂದರೆ, ಆ ಜೋಡಿಯವರನ್ನು ಸ್ವಲ್ಪ ಹೊತ್ತು ಟೇಬಲ್ಲಿನಿಂದ ಎಬ್ಬಿಸಿ ಕಳಿಸುವ ಪದ್ಧತಿ ಬ್ರಿಡ್ಜಿನಲ್ಲಿ ಉಂಟು. ಕಳಿಸಬೇಕಾದವನು ನಾನು. ನನಗೆ ಅದು ಹೊಳೆದೇ ಇರಲಿಲ್ಲ.

"ನೀರು ಕುಡ್ದು ಬರ್ತೀನಿ" ಅಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಪೂರಾ ಹೇಳ್ರಿ ಉಚ್ಚಂಗೆಮ್ಮ. ನನ್ನ ಮಾರಿ ನೋಡಿ ಅರ್ಧ ನುಂಗಬ್ಯಾಡ್ರಿ."

ನೀರಿನ ಹೂಜಿ ಒಳಗೇ ಕಿಟಕಿಯ ಪಕ್ಕದಲ್ಲಿತ್ತು. ಅವರು ಅದರ ಕಡೆ ಹೋಗಲಿಲ್ಲ. ವರಾಂಡಕ್ಕೆ ಹೋಗಿ, ನಮಗೆ ಬೆನ್ನು ಮಾಡಿ, ಡ್ಯಾಂ ಕಡೆ ಮುಖ ಹಾಕಿ ನಿಂತರು. ಅಂದರೆ ಇವರಿಗೆ ಎಲ್ಲ ಗೊತ್ತಿತ್ತು. ಪಂದ್ಯದ ದಿನ ನಾನು ಹೇಳಿದ ಸುಳ್ಳೂ ಗೊತ್ತಿತ್ತು. ನನಗೆ ಟೇಬಲ್ಲಿನ ಕೆಳಗೆ ಹೋಗಿ ಕೂರಬೇಕು ಅನ್ನಿಸಿತು.

ಉಚ್ಚಂಗೆಮ್ಮ ಆ ಬೆನ್ನನ್ನೇ ನೋಡುತ್ತಾ ಹೇಳಿದರು. ಫೋನಿನಲ್ಲಿ ಆರ್ಡರ್ ಓದುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ನಮ್ಮ ಒಪ್ಪಂದದ ಪ್ರಕಾರ ಇದು ಐದು ಇಸ್ಪೀಟು. ಆದ್ರ ನನ್ನ ಜೋಡಿ ಈಗೀಗ ಈ ಒಪ್ಪಂದ ಮರೀತಾರ. ಇಸ್ಪೀಟೂ ಇರಬಹುದು, ಆಟೀನೂ ಇರಬಹುದು. ಯಾವುದು ಅಂತ ನನಗೂ ಗೊತ್ತಿಲ್ಲ. ಇಷ್ಟ ನನಗ ಗೊತ್ತಿರೋದು." ಹೇಳಿ ಮುಗಿಸಿದಾಗ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

ಹಾಲೇಶ್, "ಥ್ಯಾಂಕ್ಯೂ ರೀ ಅಮ್ಮಾ" ಅಂದ. ಆಮೇಲೆ ತಾನೇ ಎದ್ದು ಹೋಗಿ, "ಬರ್ರಿ ಸರ್" ಅಂತ ಮರಿಸ್ವಾಮಿಯವರನ್ನು ಕರೆತಂದ. ಅವರು ಕೂತ ಮೇಲೆ ಪಾಸ್ ಅಂದ.

ಈಗ ಉಚ್ಚಂಗೆಮ್ಮ ಕೂಗಬೇಕು. ಎಲ್ಲ ಬಿಚ್ಚಿ ಹೇಳಿಯಾಗಿದೆ, ಈಗ ಆಕೆ ಏನು ಮಾಡಿದರೂ ಮೋಸವಲ್ಲ. ಆಟೀನೇ ಇರಬೇಕು ಅಂತ ಊಹಿಸಿ ಪಾಸ್ ಅಂದರೂ ನಾನು ಚಕಾರ ಎತ್ತುವಂತಿರಲಿಲ್ಲ. ಆಕೆ ಎದುರಿನ ಮುಖ ನೋಡಲಿಲ್ಲ, ಎಲೆ ನೋಡಿದರು.

"ಎರಡು ಇಸ್ಪೀಟು" ಅಂದರು. ಮರಿಸ್ವಾಮಿ ಹೇಳಿದ್ದನ್ನು ಅವರು ಹೇಳಿದಂತೆಯೇ ಆಕೆ ನಂಬಿದರು.

ಉಳಿದ ಮೂವರೂ ಪಾಸ್. ಮೊದಲ ಎಲೆ ನಾನು ಇಳಿಸಿದೆ. ಆಡುವವರ ಜೋಡಿ ಆಗ ತನ್ನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಟೇಬಲ್ ಮೇಲೆ ಬಿಚ್ಚಬೇಕು. ಮರಿಸ್ವಾಮಿ ಒಂದೊಂದೇ ಸಾಲು ಹಚ್ಚಿದರು. ಇಸ್ಪೀಟು ಎರಡು. ಕಳಾವರ್ ಮೂರು. ಡೈಮನ್ ಮೂರು. ಕೊನೆಗೆ ಆಟೀನು, ಐದು.

ಹಚ್ಚಿದ ಸಾಲನ್ನು ಅವರು ಬಹಳ ಹೊತ್ತು ನೋಡಿದರು. ಬೇರೆ ಯಾರೋ ಹಚ್ಚಿದ ಎಲೆಗಳು ಅನ್ನುವ ಹಾಗೆ ನೋಡಿದರು.

"ಹಿಂಗೂ ಇರಬಹುದು ಅಂತ ಹೇಳಿದ್ರೇನ್ರಿ?" ಅಂತ ಕೇಳಿದರು.

"ಹೇಳೀನ್ರಿ ಸರ್."

"ಏನೂ ಬಿಟ್ಟಿಲ್ಲ?"

"ಏನೂ ಬಿಟ್ಟಿಲ್ರಿ."

ಮರಿಸ್ವಾಮಿ ಕುರ್ಚಿಗೆ ಒರಗಿದರು. "ಮುಟ್ಟಿತು" ಅಂದರು.

ಉಚ್ಚಂಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಜೋಡಿ ಎಲೆ ಬಿಚ್ಚಿದಾಗ ಎಂಥ ಕೈಯಾದರೂ ಅನ್ನಬೇಕಾದ ಮಾತನ್ನು ಅಂದರು, "ಥ್ಯಾಂಕ್ಯೂ ಸರ್." ಆಮೇಲೆ ಸಣ್ಣ ಕಳಾವರ್ ಕೇಳಿದರು, ಮರಿಸ್ವಾಮಿ ಎತ್ತಿಕೊಟ್ಟರು, ನಾವು ಆಟ ಮುಂದುವರಿಸಿದೆವು.